ಶೇಂಗಾ ದಾಸ್ತಾನಿಗೆ ಬೂಷ್ಟಿನ ಕಾಟ: ಬಿಸಿಲು, ಮಳೆ ಎರಡೂ ಕಾರಣ

ಸೇಡಂ: ಬೂಷ್ಟು ಹಿಡಿದ ಶೇಂಗಾವನ್ನು ಒರೆಸಿ ಹುರಿದರೆ ಸಾಕು ಎಂದು ಭಾವಿಸುವವರುಂಟು. ಆದರೆ ಬೂಷ್ಟು ಹೋದರೂ ಅದು ಬಿಟ್ಟ ವಿಷ ಕಾಳಿನಲ್ಲಿಯೇ ಉಳಿಯುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಹಾಗೂ ಆಸ್ಪರ್ಜಿಲಸ್ ಪ್ಯಾರಾಸಿಟಿಕಸ್ ಎಂಬ ಶಿಲೀಂಧ್ರಗಳು ಉತ್ಪಾದಿಸುವ ಈ ವಿಷವೇ ಅಫ್ಲಟಾಕ್ಸಿನ್. ಸಾಮಾನ್ಯ ಅಡುಗೆಯ ಶಾಖಕ್ಕೆ ಇದು ಪೂರ್ಣವಾಗಿ ನಾಶವಾಗದು.

ಪತ್ತೆಯಾದ ಬಗೆ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ ಇದಕ್ಕೆ ಕಾರಣವೆಂದು ತಿಳಿದುಬಂತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 106 ಮಂದಿ ಮೃತಪಟ್ಟರು. ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ಸೇವಿಸಿದರೆ ಯಕೃತ್ತಿನ ಕ್ಯಾನ್ಸರ್ ಬರುವ ಅಪಾಯವಿದೆ. ಹೆಪಟೈಟಿಸ್ ಬಿ ಸೋಂಕಿತರಿಗೆ ಈ ಅಪಾಯ ಇನ್ನೂ ಹೆಚ್ಚು.

ಹವಾಮಾನದ ಪಾತ್ರ

ಕೊಯ್ಲಿಗೆ ಮುಂಚಿನ ನಾಲ್ಕರಿಂದ ಆರು ವಾರ ಮಳೆ ಕೈಕೊಟ್ಟು ಮಣ್ಣು ಕಾದರೆ ಕಾಳಿನ ಸಹಜ ರೋಗನಿರೋಧಕ ಶಕ್ತಿ ಕುಂದಿ, ಶಿಲೀಂಧ್ರ ಹೊಲದಲ್ಲಿಯೇ ಒಳಹೊಗುತ್ತದೆ. ಕೊಯ್ಲಿನ ವೇಳೆ ಮಳೆ ಸುರಿದರೆ ಕಾಯಿ ಒಣಗದು. ಆಗ ಗೋಣಿಚೀಲದಲ್ಲಿ ವಿಷ ಹೆಚ್ಚುತ್ತದೆ. ಹವಾಮಾನ ಬದಲಾವಣೆಯಿಂದ ತಾಪ ಏರಿ, ಬರ ಮತ್ತು ಭಾರೀ ಮಳೆ ಎರಡೂ ತೀವ್ರಗೊಳ್ಳುವ ಸಂಭವವಿರುವುದರಿಂದ ಈ ಎರಡು ದಾರಿಗಳೂ ತೆರೆದಂತಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ ಜಿಲ್ಲೆ, 2020ರ ಅಕ್ಟೋಬರ್‌ನಲ್ಲಿ ಕಾಗಿಣಾ, ಭೀಮಾ ನದಿಗಳ ಪ್ರವಾಹವನ್ನೂ ಕಂಡಿತು. ಮುಂಗಾರು ಶೇಂಗಾ ಕಿತ್ತು ಒಣಗಿಸುವ ಕಾಲವೂ ಬಹುತೇಕ ಅದೇ.

ಮಿತಿ ಎಷ್ಟು?

ಭಾರತದಲ್ಲಿ ನೇರವಾಗಿ ತಿನ್ನುವ ಶೇಂಗಾದಲ್ಲಿ ಕೆ.ಜಿ.ಗೆ 10 ಮೈಕ್ರೊಗ್ರಾಂ, ಸಂಸ್ಕರಣೆಗೆ ಹೋಗುವುದರಲ್ಲಿ 15 ಮೈಕ್ರೊಗ್ರಾಂ ಮೀರುವಂತಿಲ್ಲ. ಯುರೋಪ್ ಒಕ್ಕೂಟದಲ್ಲಿ ನೇರ ಸೇವನೆಯ ಶೇಂಗಾಕ್ಕೆ ಕೇವಲ 4 ಮೈಕ್ರೊಗ್ರಾಂ. ಹೀಗಾಗಿ ರಫ್ತಿಗೂ ಇದು ತೊಡಕು. ವಿಷಯುಕ್ತ ಹಿಂಡಿ ತಿಂದ ಹಸು, ಎಮ್ಮೆಗಳ ಹಾಲಿನಲ್ಲಿಯೂ ಅಫ್ಲಟಾಕ್ಸಿನ್‌ನ ಇನ್ನೊಂದು ರೂಪ ಕಾಣಿಸಿಕೊಳ್ಳುತ್ತದೆ.

ಮುನ್ನೆಚ್ಚರಿಕೆ

* ಬಲಿತ ಕೂಡಲೇ ಕಿತ್ತು, ಕಾಳಿನ ತೇವಾಂಶ ಶೇ 7–8ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಅಲುಗಾಡಿಸಿದಾಗ ಕಾಯಿಯೊಳಗೆ ಕಾಳು ಗಲಗಲ ಎನ್ನಬೇಕು.
* ಒಡೆದ, ಹುಳು ತಿಂದ ಕಾಯಿಗಳನ್ನು ಬೇರ್ಪಡಿಸಬೇಕು. ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಬೇಕು.
* ಗ್ರಾಹಕರು ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಕೊಳ್ಳುವುದು ಲೇಸು. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಕಹಿಯಾದ ಕಾಳನ್ನು ಎಸೆಯಬೇಕು. ಅದನ್ನು ಚಟ್ನಿಪುಡಿಗೂ ಹಾಕಬಾರದು, ದನಕ್ಕೂ ಕೊಡಬಾರದು.

ಕಣ್ಣಿಗೆ ಚೆನ್ನಾಗಿ ಕಂಡ ಕಾಳೆಲ್ಲ ವಿಷಮುಕ್ತವೆಂದು ಹೇಳಲಾಗದು. ಖಚಿತವಾಗಿ ತಿಳಿಯಲು ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.