ಕಿತ್ತೆಸೆದ ಮಡ್‌ಗಾರ್ಡ್ ವಾಪಸ್ ಬಂದ ಕಥೆ

ಮೌಂಟನ್ ಬೈಕಿನ ಚರಿತ್ರೆ ಶುರುವಾಗೋದೇ ಮಡ್‌ಗಾರ್ಡ್ ಕಿತ್ತೆಸೆಯುವುದರಿಂದ. ನಾವು ಕಂತಿನ ಮೇಲೆ ಕಂತು ಕಟ್ಟಿ ಒಂದು ಎಂಟಿಬಿ ತಗೋತೀವಿ. ಮೊದಲ ಮಳೆಗೇ ಬೆನ್ನ ಮೇಲೆ ಸೊಂಟದಿಂದ ಕತ್ತಿನವರೆಗೆ ಕೆಸರಿನ ಪಟ್ಟೆ ಬೀಳುತ್ತೆ. ಆಮೇಲೆ ಆಫೀಸಿನ ವಾಶ್‌ರೂಮಿನಲ್ಲಿ ಶರ್ಟ್ ಉಜ್ಜುತ್ತಾ, "ಇಷ್ಟು ದುಡ್ಡಿಗೆ ಒಂದು ಮಡ್‌ಗಾರ್ಡ್ ಕೊಡೋಕೆ ಆಗಲ್ವಾ ಇವರಿಗೆ?" ಅಂತ ಗೊಣಗ್ತೀವಿ. ನ್ಯಾಯವಾದ ಪ್ರಶ್ನೆಯೇ. ನಮ್ಮ ತಾತಂದಿರ ಕರೀ ಅಟ್ಲಾಸ್ ಸೈಕಲ್ಲಿಗೂ ಹಿಂದೆ ಮುಂದೆ ಉಕ್ಕಿನ ಮಡ್‌ಗಾರ್ಡ್ ಇತ್ತು. ಹಾಗಿದ್ದ ಮೇಲೆ ಇದು ಎಲ್ಲಿ, ಯಾಕೆ ಮಾಯವಾಯ್ತು?

ಉತ್ತರ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ ಗುಡ್ಡಗಾಡು ಅದು. 1970ರ ದಶಕದಲ್ಲಿ ಅಲ್ಲಿನ ಕೆಲವು ಹುಡುಗರು 1930-40ರ ದಶಕದ ಹಳೇ ಶ್ವಿನ್ ಸೈಕಲ್‌ಗಳನ್ನ ಹುಡುಕಿ ತರುತ್ತಿದ್ದರು. ಶ್ವಿನ್ ಕಂಪನಿ 1933ರಲ್ಲಿ ದಪ್ಪ ಬಲೂನ್ ಟೈರಿನ ಸೈಕಲ್ ತಂದಿತ್ತು. ಅಮೆರಿಕದ ಮಕ್ಕಳಿಗೆ ಮೋಟರ್ ಸೈಕಲ್ ಥರ ಕಾಣಲಿ ಅಂತ ಆಮೇಲಾಮೇಲೆ ಅದಕ್ಕೆ ಸುಳ್ಳು ಪೆಟ್ರೋಲ್ ಟ್ಯಾಂಕು, ಅಗಲವಾದ ಮಡ್‌ಗಾರ್ಡು, ಚೈನ್ ಕವರು, ಎಲ್ಲ ಅಲಂಕಾರವೂ ಸೇರಿತ್ತು. ಮರಿನ್‌ನ ಹುಡುಗರು ಟೈರು ಮತ್ತು ಫ್ರೇಮು ಇಟ್ಟುಕೊಂಡು ಉಳಿದದ್ದನ್ನೆಲ್ಲ ಬಿಚ್ಚಿ ಮೂಲೆಗೆ ಎಸೆದರು. ಹಾಗೆ ಬೋಳಿಸಿದ ಸೈಕಲ್ಲಿಗೆ 'ಕ್ಲಂಕರ್' ಅಂತ ಹೆಸರು.

1976ರ ಅಕ್ಟೋಬರ್ 21ರಂದು ಅವರು ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಒಂದು ಮಣ್ಣುದಾರಿಯಲ್ಲಿ ರೇಸ್ ಇಟ್ಟರು. ಸುಮಾರು 2 ಮೈಲಿ ದೂರ, 1300 ಅಡಿ ಇಳಿಜಾರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಹಳೇ ಕಾಲದ ಬ್ರೇಕು ಅಷ್ಟು ಇಳಿಯುವಷ್ಟರಲ್ಲಿ ಕಾದು, ಒಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಪ್ರತಿಸಲವೂ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಅದಕ್ಕೇ ಆ ದಾರಿಗೆ 'ರಿಪ್ಯಾಕ್' ಅಂತಲೇ ಹೆಸರು ಬಿತ್ತು. ಅಲ್ಲಿ ಓಡಿಸುತ್ತಿದ್ದ ಜೋ ಬ್ರೀಝ್ 1977ರಲ್ಲಿ ಇದೇ ಕೆಲಸಕ್ಕೆ ಅಂತ ಹೊಸ ಫ್ರೇಮ್ ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲಿ ಕಂಪನಿ ತೆರೆದು 'ಮೌಂಟನ್ ಬೈಕ್ಸ್' ಅಂತ ಹೆಸರಿಟ್ಟರು. 1981ರಲ್ಲಿ ಸ್ಪೆಶಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಅಂಗಡಿಗೆ ಬಂತು. ಅದಕ್ಕೂ ಮಡ್‌ಗಾರ್ಡ್ ಇರಲಿಲ್ಲ. ಬೋಳಿಸಿದ ಸೈಕಲ್ಲೇ ಮಾದರಿಯಾಗಿ ಕೂತುಬಿಟ್ಟಿತ್ತು.

ಇಲ್ಲೊಂದು ವಿಷಯ ಗಮನಿಸಿ. ಮರಿನ್‌ನಲ್ಲಿ ಬೇಸಿಗೆ ಪೂರ್ತಿ ಮಳೆ ಇಲ್ಲ. ಆ ದಾರಿಗಳಲ್ಲಿ ಕಾಟ ಕೊಡೋದು ಧೂಳು, ಕೆಸರಲ್ಲ. ಅಂದ್ರೆ ಒಣ ನಾಡಿನ ಸೈಕಲ್ಲೊಂದು ಜಗತ್ತಿಗೆಲ್ಲ ಮಾದರಿಯಾಯ್ತು. ಅದು ವರ್ಷಪೂರ್ತಿ ಜಿಟಿಜಿಟಿ ಅನ್ನುವ ಬ್ರಿಟನ್ನಿಗೆ ಹೋದಾಗ ಅಸಲಿ ಸಮಸ್ಯೆ ಶುರು. ಬ್ರಿಟಿಷರಿಗೆ ಗುಡ್ಡದಲ್ಲಿ ಸೈಕಲ್ ತುಳಿಯೋದು ಹೊಸದೇನಲ್ಲ. 1955ರಲ್ಲೇ ಅಲ್ಲಿ 'ರಫ್ ಸ್ಟಫ್ ಫೆಲೋಶಿಪ್' ಅನ್ನೋ ಸಂಘ ಹುಟ್ಟಿತ್ತು. ಅದರವರು ಮಡ್‌ಗಾರ್ಡ್ ಇರುವ ಮಾಮೂಲಿ ಟೂರಿಂಗ್ ಸೈಕಲ್ ಹೊತ್ತುಕೊಂಡು, ತಳ್ಳಿಕೊಂಡು ಬೆಟ್ಟ ಹತ್ತುತ್ತಿದ್ದರು. ಹಾಗಾದ್ರೆ ಅದೇ ಹಳೇ ಮಡ್‌ಗಾರ್ಡನ್ನ ಎಂಟಿಬಿಗೆ ಹಾಕಬಹುದಿತ್ತಲ್ಲ?

ಆಗಲ್ಲ. ಎರಡು ಕಾರಣ. ಒಂದು, ಅಂಟುಮಣ್ಣು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದೆರಡು ಬೆರಳು ಜಾಗ ಇದ್ದರೆ ಟಾರ್ ರಸ್ತೆಗೆ ಸಾಕು. ಕಾಡುದಾರಿಯಲ್ಲಿ ಮಣ್ಣು, ಎಲೆ, ಕಡ್ಡಿ ಎಲ್ಲ ಸೇರಿ ಆ ಸಂದಿಯಲ್ಲಿ ಗಟ್ಟಿಯಾಗಿ ಮೆತ್ತಿಕೊಂಡು ಚಕ್ರವೇ ನಿಂತುಬಿಡುತ್ತೆ. ಎರಡನೆಯದು, ಸಸ್ಪೆನ್ಶನ್. 1989ರಲ್ಲಿ ರಾಕ್‌ಶಾಕ್ಸ್ ಕಂಪನಿಯ ಆರ್‌ಎಸ್-1 ಫೋರ್ಕ್ ಬಂದ ಮೇಲೆ ಮುಂದಿನ ಚಕ್ರ ಮೇಲೆ ಕೆಳಗೆ ಆಡೋಕೆ ಶುರುಮಾಡಿತು. ಅಟ್ಲಾಸ್ ಸೈಕಲ್ಲಿನ ಮಡ್‌ಗಾರ್ಡ್ ಎರಡು ಕಡ್ಡಿಗಳ ಮೇಲೆ ನಿಂತಿರುತ್ತಲ್ಲ, ಆ ಕಡ್ಡಿ ಸಿಕ್ಕಿಸುವ ಸ್ಕ್ರೂ ತೂತುಗಳೂ ಹೊಸ ಫೋರ್ಕುಗಳಲ್ಲಿ ಮಾಯವಾದವು.

ಸರಿ, ಕೆಸರು ಮಾತ್ರ ಎಲ್ಲೂ ಹೋಗಲಿಲ್ಲ. ಅದು ಹಾರುವ ಲೆಕ್ಕ ಹೀಗೆ. ಉರುಳುವ ಚಕ್ರದ ಮೇಲ್ತುದಿ ನೆಲದ ಲೆಕ್ಕದಲ್ಲಿ ಸೈಕಲ್ಲಿನ ಎರಡರಷ್ಟು ವೇಗದಲ್ಲಿರುತ್ತೆ. ನೀವು ಗಂಟೆಗೆ 25 ಕಿಲೋಮೀಟರಿನಲ್ಲಿದ್ದರೆ ಅದು 50ರಲ್ಲಿ. ಹಿಂದಿನ ಚಕ್ರ ಎಸೆದದ್ದು ಬೆನ್ನಿಗೆ ಬೀಳುತ್ತೆ. ಮುಂದಿನ ಚಕ್ರದ ಹಿಂಭಾಗ ಎಸೆದದ್ದು ಕಾಲಿಗೆ, ಮತ್ತು ಡೌನ್ ಟ್ಯೂಬ್ ಅಂತೀವಲ್ಲ, ಫ್ರೇಮಿನ ಆ ಓರೆ ಕೊಳವೆಗೆ ಬಡಿಯುತ್ತೆ. ಮುಂದಿನ ಚಕ್ರದ ಮುಂಭಾಗದ ಕೆಸರೇ ಅಪಾಯಕಾರಿ. ಅದು ನಿಮಗಿಂತ ಮುಂದೆ ಹಾರಿ, ಗಾಳಿಗೆ ನಿಧಾನವಾಗಿ, ನೀವು ಅದರೊಳಗೇ ನುಗ್ಗುತ್ತೀರಿ. ನೇರ ಕಣ್ಣಿಗೆ. ಇಳಿಜಾರಿನಲ್ಲಿ ಒಂದು ಕ್ಷಣ ಕಣ್ಣು ಕಾಣದಿದ್ದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಬೆನ್ನಿನ ಪಟ್ಟೆ ಬರೀ ಮಾನದ ಪ್ರಶ್ನೆ, ಕಣ್ಣಿನದು ಹಾಗಲ್ಲ.

ಅಂಗಡಿಯಲ್ಲಿ ಇಲ್ಲದ್ದನ್ನ ಜನ ಮನೆಯಲ್ಲಿ ಮಾಡಿಕೊಂಡರು. ಪ್ಲಾಸ್ಟಿಕ್ ಬಾಟಲಿ ಉದ್ದಕ್ಕೆ ಸೀಳಿ ಡೌನ್ ಟ್ಯೂಬಿಗೆ ಕಟ್ಟಿದರು. ಹಳೇ ಟ್ಯೂಬ್ ಕತ್ತರಿಸಿ ಫೋರ್ಕಿನ ಸಂದಿಯಲ್ಲಿ ಬಿಗಿದರು. ಆಫೀಸಿನ ಫೈಲ್ ಕವರ್ ಬಗ್ಗಿಸಿ ಸೀಟಿನ ಕೆಳಗೆ ಸಿಕ್ಕಿಸಿದರು.

ಅಂಗಡಿ ಮಾಲು ಬಂದದ್ದೂ ಇದೇ ದಾರಿಯಲ್ಲಿ. ಬ್ರಿಟನ್ನಿನ ಪೀಟ್ ಟಾಮ್ಕಿನ್ಸ್ ತಂದ 'ಕ್ರಡ್ ಕ್ಯಾಚರ್' 1990ರ ದಶಕದಲ್ಲಿ ಅಲ್ಲಿನ ಎಂಟಿಬಿಗಳ ಗುರುತೇ ಆಗಿಹೋಯ್ತು. ಅದು ಡೌನ್ ಟ್ಯೂಬಿನ ಕೆಳಗೆ ಕಟ್ಟುವ ಒಂದು ಬಾಗಿದ ಪ್ಲಾಸ್ಟಿಕ್ ಹಾಳೆ, ಅಷ್ಟೇ. ಸೀಳಿದ ಬಾಟಲಿಯ ಕೆಲಸವನ್ನೇ ಅದು ನೀಟಾಗಿ ಮಾಡುತ್ತಿತ್ತು. 2010ರ ಆಸುಪಾಸಿನಲ್ಲಿ ವರ್ಲ್ಡ್ ಕಪ್ ಡೌನ್‌ಹಿಲ್ ರೇಸುಗಳಲ್ಲಿ ಮೆಕ್ಯಾನಿಕ್ ಆಗಿದ್ದ ಜೇಸನ್ ಮಾರ್ಶ್ 'ಮಾರ್ಶ್ ಗಾರ್ಡ್' ತಂದ. ಚಪ್ಪಟೆ ಪ್ಲಾಸ್ಟಿಕ್ ಹಾಳೆಯ ಒಂದು ತುಂಡು. ಅದನ್ನ ಬಗ್ಗಿಸಿ ಫೋರ್ಕಿನ ಕಮಾನಿಗೆ ಕೇಬಲ್ ಟೈ ಹಾಕಿ ಕಟ್ಟೋದು. ಸ್ಕ್ರೂ ಇಲ್ಲ, ಕಡ್ಡಿ ಇಲ್ಲ. ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುತ್ತೆ, ಸಂದಿ ಅಷ್ಟೇ ಉಳಿಯುತ್ತೆ. ನೋಡಿದವರಿಗೆಲ್ಲ "ಇದನ್ನ ನಾನೇ ಮಾಡಬಹುದಲ್ಲ" ಅನ್ನಿಸಿತು. ಮಾಡಿದರೂ ಕೂಡ.

ಈ ಎರಡರ ಹಿಂದೆಯೂ ಸೈಕಲ್ಲಿಗೆ ಸಂಬಂಧವೇ ಇಲ್ಲದ ಎರಡು ವಸ್ತುಗಳಿವೆ. ಕೇಬಲ್ ಟೈ 1958ರಲ್ಲಿ ಥಾಮಸ್ ಅಂಡ್ ಬೆಟ್ಸ್ ಕಂಪನಿಯ ಮಾರಸ್ ಲೋಗನ್ ಕಂಡುಹಿಡಿದದ್ದು, ವಿಮಾನದೊಳಗಿನ ವೈರುಗಳ ಕಂತೆ ಕಟ್ಟೋಕೆ. ಎರಡನೆಯದು ಪಾಲಿಪ್ರೊಪಿಲೀನ್. ಇದರ ಕೆಲಸಕ್ಕಾಗಿ ಇಟಲಿಯ ಜೂಲಿಯೊ ನಟ್ಟಾಗೆ, ಜರ್ಮನಿಯ ಕಾರ್ಲ್ ಜೀಗ್ಲರ್ ಜೊತೆಗೆ, 1963ರಲ್ಲಿ ನೊಬೆಲ್ ಬಂತು. ಇದರ ವಿಶೇಷ ಏನಂದ್ರೆ ಸಾವಿರಾರು ಸಲ ಮಡಚಿದರೂ ಮಡಿಕೆಯಲ್ಲಿ ಮುರಿಯಲ್ಲ. ಶಾಂಪೂ ಬಾಟಲಿಯ ಮುಚ್ಚಳ ಎಷ್ಟು ಸಲ ತೆಗೆದು ಹಾಕಿದರೂ ಕಿತ್ತು ಬರಲ್ಲ ಅಲ್ವಾ, ಅದೇ ಗುಣ. ಸ್ಟೇಶನರಿ ಅಂಗಡಿಯ ಎಷ್ಟೋ ಪ್ಲಾಸ್ಟಿಕ್ ಫೈಲುಗಳೂ ಪಾಲಿಪ್ರೊಪಿಲೀನೇ. ಅಂದ್ರೆ ಅಂಗಡಿಯ ಮಡ್‌ಗಾರ್ಡಿನಲ್ಲಿ ನಿಮಗೆ ಸಿಗದ ಯಾವ ರಹಸ್ಯ ಮಾಲೂ ಇಲ್ಲ.

ಹಾಗಾದ್ರೆ ದುಡ್ಡು ಯಾತಕ್ಕೆ ಕೊಡೋದು? ಆಕಾರಕ್ಕೆ. ಎಲ್ಲಿ ಕತ್ತರಿಸಬೇಕು, ತೂತು ಎಲ್ಲಿ ಬರಬೇಕು, ಎಷ್ಟು ಉದ್ದವಾದರೆ ಟೈರಿಗೆ ತಾಗುತ್ತೆ ಅನ್ನೋದನ್ನ ಇನ್ನೊಬ್ಬರು ಹತ್ತಾರು ಸಲ ಕೆಡಿಸಿ ಕಲಿತಿರ್ತಾರೆ. ಆ ಕಲಿಕೆಗೆ ನಾವು ಕೊಡುವ ಬೆಲೆ ಅದು. ಮುಂದಿನ ಚಕ್ರದ ವಿಷಯದಲ್ಲಿ ಅದು ಸಣ್ಣ ಸಂಗತಿಯಲ್ಲ. ಸಡಿಲವಾದ ಮಡ್‌ಗಾರ್ಡ್ ಟೈರಿಗೂ ಫೋರ್ಕಿಗೂ ನಡುವೆ ಸುತ್ತಿಕೊಂಡರೆ ಚಕ್ರ ಗಕ್ಕನೆ ನಿಂತು ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳ್ತಾನೆ. ಇದಕ್ಕಾಗಿಯೇ ಜರ್ಮನಿಯ ಎಸ್‌ಕೆಎಸ್ ಕಂಪನಿ ಕಡ್ಡಿಯ ಮಡ್‌ಗಾರ್ಡುಗಳ ಮುಂಭಾಗಕ್ಕೆ ಒಂದು ಕ್ಲಿಪ್ ಹಾಕಿತು. ಏನಾದರೂ ಸಿಕ್ಕಿಕೊಂಡರೆ ಕಡ್ಡಿ ತಾನಾಗೇ ಕಳಚಿಕೊಳ್ಳುತ್ತೆ. ಅಂಥದ್ದನ್ನ ಕತ್ತರಿ, ಫೈಲ್ ಕವರ್ ಇಟ್ಟುಕೊಂಡು ಮಾಡೋಕಾಗಲ್ಲ.

ನನ್ನ ಸೈಕಲ್ಲಿನಲ್ಲಿ ಎರಡೂ ಇವೆ. ಹಿಂದೆ ಸೀಟಿನ ಕೆಳಗೆ ನಾನೇ ಕತ್ತರಿಸಿದ ನೀಲಿ ಫೈಲ್ ಕವರ್, ಮುಂದೆ ಅಂಗಡಿಯದ್ದು. ಯಲಹಂಕದ ಆಚೆ ಅವಲಹಳ್ಳಿ ಕಾಡಿನ ಕೆಮ್ಮಣ್ಣು ಮಳೆಗಾಲದಲ್ಲಿ ಹಿಟ್ಟು ಕಲಸಿದ ಹಾಗೆ ಅಂಟುತ್ತೆ. ಅಲ್ಲಿ ಎರಡೂ ಒಂದೇ ಥರ ಗಲೀಜಾಗ್ತವೆ, ಎರಡೂ ಕೆಲಸ ಮಾಡ್ತವೆ. ಹಿಂದಿನದು ಬಿದ್ದುಹೋದರೆ ನಷ್ಟ ಒಂದು ಶರ್ಟು, ಅದಕ್ಕೆ ಅಲ್ಲಿ ನನ್ನ ಕೈಕೆಲಸ ಸಾಕು. ಮುಂದಿನದನ್ನೂ ಮನೆಯಲ್ಲೇ ಮಾಡ್ತೀನಿ ಅನ್ನೋರು ಒಂದು ಪರೀಕ್ಷೆ ಮಾಡಲೇಬೇಕು. ಫೋರ್ಕಿನ ಗಾಳಿ ಪೂರ್ತಿ ಬಿಟ್ಟು, ಹ್ಯಾಂಡಲ್ ಮೇಲೆ ಭಾರ ಹಾಕಿ ಕೊನೆಯವರೆಗೂ ಒತ್ತಿ. ಆ ಸ್ಥಿತಿಯಲ್ಲೂ ನಿಮ್ಮ ಹಾಳೆ ಟೈರಿಗಾಗಲಿ ಫೋರ್ಕಿನ ಮೇಲ್ಭಾಗಕ್ಕಾಗಲಿ ತಾಗಬಾರದು. ತಾಗಿದರೆ ಇನ್ನೂ ಸ್ವಲ್ಪ ಕತ್ತರಿಸಿ. ಕೇಬಲ್ ಟೈಯ ಬಾಲ ಟೈರಿನ ಕಡೆ ಉಳಿಯದ ಹಾಗೆ ನೋಡಿಕೊಳ್ಳಿ.

ಈ ಕಥೆಗೆ ಇತ್ತೀಚಿನ ಒಂದು ತಿರುವಿದೆ. 2020ರಲ್ಲಿ ಬಂದ ರಾಕ್‌ಶಾಕ್ಸ್ ಮತ್ತು ಫಾಕ್ಸ್ ಕಂಪನಿಗಳ ಹೊಸ ಫೋರ್ಕುಗಳಲ್ಲಿ ಕಮಾನಿಗೇ ಸ್ಕ್ರೂ ತೂತು ಕೊಟ್ಟು, ಅದಕ್ಕೆ ಹೊಂದುವ ತಮ್ಮದೇ ಮಡ್‌ಗಾರ್ಡ್ ಮಾರೋಕೆ ಶುರುಮಾಡಿದರು. ಯಾವ ರಾಕ್‌ಶಾಕ್ಸ್ ಫೋರ್ಕ್ ಬಂದ ಮೇಲೆ ಹಳೇ ಮಡ್‌ಗಾರ್ಡಿಗೆ ಜಾಗ ಇಲ್ಲದಂತಾಯ್ತೋ, ಅದೇ ಕಂಪನಿ ಈಗ ಹೊಸದಕ್ಕೆ ಜಾಗ ಮಾಡಿಕೊಟ್ಟಿತು. ನೋಡೋಕೆ ಚೆಂದ, ಅಲುಗಾಡಲ್ಲ. ಆದರೆ ಆ ತೂತಿನ ಅಳತೆ ಎಲ್ಲ ಫೋರ್ಕಿಗೂ ಒಂದೇ ಅಲ್ಲ. ಕೇಬಲ್ ಟೈಗೆ ಯಾವ ಫೋರ್ಕ್ ಆದ್ರೂ ಒಂದೇ.

ಮನೆಯದ್ದಾ ಅಂಗಡಿಯದ್ದಾ ಅನ್ನೋ ವಾದದಲ್ಲಿ ಒಬ್ಬರು ಜುಗಾಡ್ ಅಂತ ಹೆಮ್ಮೆಪಡ್ತಾರೆ, ಇನ್ನೊಬ್ಬರು ಇಷ್ಟು ಒಳ್ಳೇ ಸೈಕಲ್ಲಿಗೆ ಫೈಲ್ ಕವರ್ರಾ ಅಂತ ಮೂಗು ಮುರೀತಾರೆ. ಈ ಐವತ್ತು ವರ್ಷದ ಲೆಕ್ಕ ನೋಡಿದರೆ ಇಬ್ಬರೂ ಒಂದೇ ಮನೆಯವರು. ಮೌಂಟನ್ ಬೈಕೇ ಮೊದಲು ಯಾರದೋ ಶೆಡ್ಡಿನಲ್ಲಿ ಹಳೇ ಸಾಮಾನಿನಿಂದ ಹುಟ್ಟಿದ್ದು, ಅಂಗಡಿಗೆ ಹೋದದ್ದು ಆಮೇಲೆ. ಮಡ್‌ಗಾರ್ಡೂ ಹಾಗೇ. ಹಾಗಾಗಿ ಮುಂದಿನ ಮಳೆಗಾಲಕ್ಕೆ ಮುಂಚೆ ಮುಂದಿನ ಚಕ್ರಕ್ಕೆ ಒಂದು ಒಳ್ಳೆಯದನ್ನ ಕೊಂಡುಕೊಳ್ಳಿ. ಹಾಕುವ ಮೊದಲು ಅದನ್ನ ರಟ್ಟಿನ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಸುತ್ತ ಗೀಟು ಎಳೆದು, ಆ ರಟ್ಟು ಎತ್ತಿಡಿ. ಅದು ಮುರಿದ ದಿನ ಅಂಗಡಿ ಬಾಗಿಲು ಹಾಕಿದ್ದರೂ ನಿಮ್ಮ ಕಣ್ಣಿಗೆ ಕೆಸರು ಬೀಳಲ್ಲ.