ಮಮದಾಪುರ ಕೆರೆ ಪ್ರದೇಶದಲ್ಲಿ ಗರಸುಹಾದಿ ಸೈಕಲ್ ಸವಾರಿ

ಗರಸುಹಾದಿ ಸೈಕಲ್ ಸವಾರಿ ಅಥವಾ ಗ್ರಾವೆಲ್ ಬೈಕಿಂಗ್ ಎಂಬುದು ಡಾಂಬರಿಲ್ಲದ ಜಲ್ಲಿರಸ್ತೆ, ಮಣ್ಣಿನ ದಾರಿ, ಕಾಲುವೆಯ ಏರಿ ಮತ್ತು ಕಾಡಿನ ಹಾದಿಗಳ ಮೇಲೆ ದೂರದ ಪ್ರಯಾಣಕ್ಕಾಗಿ ಸೈಕಲ್ ನಡೆಸುವ ಕ್ರೀಡೆ ಹಾಗೂ ಹವ್ಯಾಸ. ಉತ್ತರ ಕರ್ನಾಟಕದಲ್ಲಿ ಇಂತಹ ಸವಾರಿಗೆ ಒಗ್ಗುವ ಪ್ರದೇಶಗಳಲ್ಲಿ ವಿಜಯಪುರ ನಗರದ ಗಾಂಧಿ ಚೌಕದಿಂದ ಪಶ್ಚಿಮ ಮತ್ತು ನೈರುತ್ಯಕ್ಕೆ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಮೂಲಕ ಮಮದಾಪುರದ ಕೆರೆಗಳವರೆಗೆ ಹಬ್ಬಿರುವ ಭೂಭಾಗವೂ ಒಂದು. ಬಯಲುಸೀಮೆಯೆಂದೇ ಹೆಸರಾದ ಜಿಲ್ಲೆಯಲ್ಲಿ ಕಾಡು ಮತ್ತು ಕೆರೆ ಒಂದೆಡೆ ಕೂಡಿರುವುದು ಹೊರಗಿನವರಿಗೆ ಆಶ್ಚರ್ಯವೆನಿಸಬಹುದು.

ಕ್ರೀಡೆಯ ಹಿನ್ನೆಲೆ

ಕಚ್ಚಾರಸ್ತೆಯಲ್ಲಿ ಸೈಕಲ್ ನಡೆಸುವುದು ಹೊಸ ಸಂಗತಿಯಲ್ಲ. ಡಾಂಬರು ಬರುವ ಮೊದಲು ಎಲ್ಲ ಸವಾರಿಯೂ ಕಚ್ಚಾರಸ್ತೆಯದೇ ಆಗಿತ್ತು. ಇಂಗ್ಲೆಂಡಿನಲ್ಲಿ ಒರಟು ಹಾದಿಗಳ ಸವಾರರು 1955ರಲ್ಲಿ ‘ರಫ್ ಸ್ಟಫ್ ಫೆಲೋಶಿಪ್’ ಎಂಬ ಸಂಘವನ್ನು ಕಟ್ಟಿಕೊಂಡರು. ಸ್ಪರ್ಧೆಯ ರೂಪದಲ್ಲಿ ಇದು ಬೆಳೆದದ್ದು ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳ ಜಲ್ಲಿರಸ್ತೆಗಳಲ್ಲಿ. ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಆರಂಭವಾಗಿ ಈಗ ‘ಅನ್‌ಬೌಂಡ್ ಗ್ರಾವೆಲ್’ ಎಂದು ಕರೆಯಲಾಗುವ ಸ್ಪರ್ಧೆ ಅವುಗಳಲ್ಲಿ ಪ್ರಸಿದ್ಧವಾದುದು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಶಿಪ್ ಅನ್ನು 2022ರಲ್ಲಿ ಇಟಲಿಯ ವೆನೆಟೊ ಪ್ರಾಂತದಲ್ಲಿ ನಡೆಸಿತು.

ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳು ಕರ್ನಾಟಕದ ಸೈಕ್ಲಿಂಗಿನ ತವರು. ಇಲ್ಲಿಯ ಊರ ಜಾತ್ರೆಗಳಲ್ಲಿ ಎತ್ತಿನಗಾಡಿ ಶರ್ಯತ್ತು, ಟಾಂಗಾ ಶರ್ಯತ್ತುಗಳ ಜೊತೆಗೆ ಸೈಕಲ್ ಶರ್ಯತ್ತನ್ನೂ ಏರ್ಪಡಿಸುವ ರೂಢಿಯಿದೆ. ಹೊಲ, ಊರು, ಶಾಲೆಗಳ ನಡುವೆ ಓಡಾಡಿ ಗಟ್ಟಿಯಾದ ಮಕ್ಕಳು ಈ ಶರ್ಯತ್ತುಗಳಿಂದ ಮೇಲೆ ಬಂದು ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದಿದ್ದಾರೆ. ವಿಜಯಪುರದಲ್ಲಿ ರಾಜ್ಯ ಸರ್ಕಾರದ ಸೈಕ್ಲಿಂಗ್ ಕ್ರೀಡಾನಿಲಯವಿದೆ. ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳೂ ಗರಸುದಾರಿಯಲ್ಲಿ ಪ್ರೌಢಶಾಲೆಗೆ ಸೈಕಲ್ ಹೊಡೆಯುವಂತಾಯಿತು. ಗ್ರಾವೆಲ್ ಬೈಕಿಂಗ್ ಎಂಬ ಹೆಸರನ್ನು ಕೇಳದೆಯೇ ಅದನ್ನು ದಿನವೂ ಮಾಡುತ್ತಿದ್ದವರು ಇವರು.

ನೆಲದ ಗುಣ

ಈ ಪ್ರದೇಶದ ದಾರಿಯನ್ನು ತಿಳಿಯಬೇಕಾದರೆ ಮೊದಲು ಮಣ್ಣನ್ನು ತಿಳಿಯಬೇಕು. ಡೋಣಿ ನದಿಯ ಇಕ್ಕೆಲಗಳಲ್ಲಿ ಇರುವುದು ಆಳವಾದ ಎರೆಮಣ್ಣು. ನೀರು ಕುಡಿದಾಗ ಹಿಗ್ಗುವುದು, ಒಣಗಿದಾಗ ಕುಗ್ಗಿ ಬಿರಿಯುವುದು ಅದರ ಸ್ವಭಾವ. ಬೇಸಿಗೆಯಲ್ಲಿ ಬಿರುಕುಗಳು ಸೈಕಲ್ಲಿನ ಗಾಲಿಯನ್ನೇ ಹಿಡಿದುಕೊಳ್ಳುವಷ್ಟು ಅಗಲವಾಗುತ್ತವೆ. ಮಳೆಯಲ್ಲಿ ಮಣ್ಣು ಟಯರಿಗೆ ಮೆತ್ತಿ, ಫೋರ್ಕಿನ ಸಂದಿನಲ್ಲಿ ತುಂಬಿ, ಗಾಲಿ ತಿರುಗದಂತೆ ಮಾಡುತ್ತದೆ. ಆಗ ಸವಾರನೇ ಸೈಕಲ್ಲನ್ನು ಹೊರಬೇಕಾಗುತ್ತದೆ. ಎತ್ತರದ ಮಡ್ಡಿ ಭೂಮಿಯ ಗುಣ ಬೇರೆ. ಅಲ್ಲಿ ಮಣ್ಣಿನ ಪದರ ತೆಳುವಾಗಿ, ಕೆಳಗೆ ಗರಸು ಮತ್ತು ಕಪ್ಪುಕಲ್ಲು ಇವೆ. ಮಳೆ ನಿಂತ ಕೆಲ ಹೊತ್ತಿನಲ್ಲೇ ನೀರು ಇಂಗಿ ದಾರಿ ಗಟ್ಟಿಯಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮಡ್ಡಿಯ ದಾರಿ, ಚಳಿಗಾಲದಲ್ಲಿ ಎರೆಯ ದಾರಿ ಎಂಬುದು ಇಲ್ಲಿಯ ಸರಳ ಲೆಕ್ಕ.

ಡೋಣಿಯ ನೀರು ಸವಳು, ಕುಡಿಯಲು ಬಾರದು. ಬೇಸಿಗೆಯಲ್ಲಿ ಬತ್ತಿ ನಿಲ್ಲುವ ಈ ನದಿ ದೊಡ್ಡ ಮಳೆಯಾದಾಗ ಸಾರವಾಡದ ಬಳಿ ಉಕ್ಕಿ ಹರಿದು ಹೊಲಗಳಿಗೆ ನುಗ್ಗುತ್ತದೆ. ಅಂತಹ ದಿನಗಳಲ್ಲಿ ಹಳ್ಳದ ನೆಲಸೇತುವೆಗಳ ಮೇಲೆ ಸೈಕಲ್ ಇಳಿಸುವುದು ಪ್ರಾಣಾಪಾಯ.

ಕೆರೆಗಳು

ಶಾಲೆಯ ಇತಿಹಾಸ ಪಾಠದಲ್ಲಿ ಮುಹಮ್ಮದ್ ಆದಿಲ್‌ಷಾಹನೆಂದರೆ (ಆಳ್ವಿಕೆ 1627–1656) ಗೋಳಗುಮ್ಮಟ ಮಾತ್ರ. ಅವನ ಕಾಲದ ಕೆರೆಗಳು ಪಾಠದಲ್ಲಿ ಬರುವುದಿಲ್ಲ. ಜನರ ಬದುಕಿಗೆ ಒದಗಿದ್ದು ಮಾತ್ರ ಗುಮ್ಮಟಕ್ಕಿಂತ ಅವೇ. ಮಮದಾಪುರ ಎಂಬ ಊರಿಗೆ ಹೆಸರು ಬಂದದ್ದು ಈ ಸುಲ್ತಾನನಿಂದ. ನಗರದಿಂದ ನೈರುತ್ಯಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿರುವ ಅಲ್ಲಿಯ ದೊಡ್ಡ ಕೆರೆ ಮತ್ತು ಸಣ್ಣ ಕೆರೆಗಳು 1633ರ ಸುಮಾರಿಗೆ ನಿರ್ಮಾಣಗೊಂಡವು. ನಗರದ ದಕ್ಷಿಣಕ್ಕಿರುವ ಬೇಗಂ ತಲಾಬ್ (1651) ಕೂಡ ಅವನ ಕಾಲದ್ದೇ. ನಗರದ ಅಂಚಿನ ಭೂತನಾಳ ಕೆರೆ ಊರಿಗೆ ಕುಡಿಯುವ ನೀರು ಒದಗಿಸಿದ ಕೆರೆ.

ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಕೆರೆ ತುಂಬುವುದು ಅಪರೂಪದ ಸಂಗತಿಯಾಗಿತ್ತು. ಕೃಷ್ಣಾ ನದಿಯ ನೀರನ್ನು ಏತ ನೀರಾವರಿಯಿಂದ ಎತ್ತಿ ಕೆರೆಗಳಿಗೆ ಹರಿಸುವ ಯೋಜನೆಗಳು ಬಂದ ಮೇಲೆ ಚಿತ್ರ ಬದಲಾಗಿದೆ. ಸವಾರನಿಗೆ ಇದರಿಂದ ಒದಗಿದ ಒಂದು ಲಾಭವೆಂದರೆ ಕಾಲುವೆಯ ಪಕ್ಕದ ನಿರ್ವಹಣಾ ರಸ್ತೆಗಳು. ಅವು ಗರಸು ಹಾಸಿದ, ಏರಿಳಿತ ಕಡಿಮೆಯಿರುವ, ವಾಹನಗಳು ವಿರಳವಾಗಿರುವ ಉದ್ದನೆಯ ದಾರಿಗಳು.

ಕಾಡು

ಮಮದಾಪುರದ ಅರಣ್ಯವನ್ನು ಮಲೆನಾಡಿನ ಕಾಡಿನೊಂದಿಗೆ ಹೋಲಿಸಬಾರದು. ಇದು ಒಣ ಕುರುಚಲು ಕಾಡು. ಜಾಲಿ, ಬೇವು ಮುಂತಾದ ಬರ ತಡೆಯುವ ಮರಗಳು, ನಡುನಡುವೆ ಹುಲ್ಲುಗಾವಲು, ಅಲ್ಲಲ್ಲಿ ನವಿಲಿನ ಕೂಗು. ಇಷ್ಟೇ ಇದರ ಸೊಗಸು. ಅರಣ್ಯ ಪ್ರಮಾಣ ಅತಿ ಕಡಿಮೆಯಿರುವ ಜಿಲ್ಲೆಗಳಲ್ಲಿ ವಿಜಯಪುರವೂ ಒಂದಾದುದರಿಂದ ಇಷ್ಟಕ್ಕೂ ಇಲ್ಲಿ ಬೆಲೆಯಿದೆ. 2016ರಲ್ಲಿ ಜಿಲ್ಲೆಯಲ್ಲಿ ಆರಂಭವಾದ ಕೋಟಿ ವೃಕ್ಷ ಅಭಿಯಾನದಡಿ ಸಸಿಗಳನ್ನು ನೆಡಲಾಯಿತು. ಭೂತನಾಳ ಕೆರೆಯ ಬಳಿಯ ಕರಾಡದೊಡ್ಡಿ ಪ್ರದೇಶ ಹೀಗೆ ಹಸಿರಾದ ತಾಣಗಳಲ್ಲೊಂದು. ಹೊಸದಾಗಿ ಸೈಕಲ್ ಏರುವವರಿಗೆ ಅದೇ ಮೊದಲ ಪಾಠಶಾಲೆಯಾಗಬಹುದು.

ಮೀಸಲು ಅರಣ್ಯದೊಳಗಿನ ಸವಾರಿಗೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ನೆಟ್ಟ ಸಸಿಗಳ ಸಾಲಿನಲ್ಲಿ ಹಾಯುವುದು, ಹಸಿ ಇರುವಾಗ ಕೆರೆಯ ಏರಿಯ ಮೇಲೆ ಗಾಲಿಯ ಗೆರೆ ಮೂಡಿಸುವುದು ಸಲ್ಲದು. ಅಂತಹ ಗೆರೆಯೇ ಮುಂದಿನ ಮಳೆಗೆ ನೀರಿನ ಕೊರಕಲಾಗುತ್ತದೆ.

ಹಾದಿಯ ವಿವರ

ಗಾಂಧಿ ಚೌಕದಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ಸಿಗುವ ಮುಖ್ಯ ಊರು ತೊರವಿ. ಕುಮಾರವಾಲ್ಮೀಕಿಯ ತೊರವೆ ರಾಮಾಯಣದಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಈ ಊರಿನಲ್ಲಿ ನರಸಿಂಹ ದೇವಾಲಯವಿದೆ. ಆದಿಲ್‌ಷಾಹಿ ಕಾಲದಲ್ಲಿ ಇಲ್ಲಿಂದ ನಗರಕ್ಕೆ ನೀರು ಹೋಗುತ್ತಿದ್ದುದು ನೆಲದಡಿಯ ಸುರಂಗ ಕಾಲುವೆಯಲ್ಲಿ. ಸಮೀಪದಲ್ಲೇ ಎರಡನೆಯ ಇಬ್ರಾಹಿಂ ಆದಿಲ್‌ಷಾಹ 1599ರಲ್ಲಿ ಕಟ್ಟಲು ಆರಂಭಿಸಿದ ನವರಸಪುರದ ಅವಶೇಷಗಳಿವೆ. ಸಂಗೀತ ಮಹಲ್ ಅಲ್ಲಿ ಉಳಿದಿರುವ ಮುಖ್ಯ ಕಟ್ಟಡ. ಮುಂದೆ ತಿಕೋಟಾದ ಸುತ್ತ ದ್ರಾಕ್ಷಿ ತೋಟಗಳೂ ಒಣದ್ರಾಕ್ಷಿ ಮಾಡುವ ಶೆಡ್ಡುಗಳೂ ಕಾಣುತ್ತವೆ. ತಿಕೋಟಾ ಮತ್ತು ಬಬಲೇಶ್ವರ ಎರಡೂ 2017-18ರ ರಾಜ್ಯ ಬಜೆಟ್ಟಿನಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳು. ಅಲ್ಲಿಂದ ದಕ್ಷಿಣಕ್ಕೆ ಹೊಲದ ದಾರಿ, ಚಕ್ಕಡಿ ದಾರಿ ಮತ್ತು ಕಾಲುವೆ ರಸ್ತೆಗಳನ್ನು ಜೋಡಿಸಿಕೊಂಡು ಬಬಲೇಶ್ವರದ ಕಡೆಗೂ, ಅಲ್ಲಿಂದ ಮಮದಾಪುರಕ್ಕೂ ಸಾಗಬಹುದು. ಮರಳುವಾಗ ಸಾರವಾಡದ ಮೂಲಕ ನೇರ ರಸ್ತೆ ಹಿಡಿದರೆ ದೂರ ಕಡಿಮೆ. ಅಭ್ಯಾಸವಿರುವವರಿಗೆ ಇದು ಪೂರ್ತಿ ಒಂದು ದಿನದ ಸವಾರಿ.

ನವೆಂಬರಿನಿಂದ ಫೆಬ್ರವರಿ ಇದಕ್ಕೆ ತಕ್ಕ ಕಾಲ. ಬಿಳಿಜೋಳ, ಕಡಲೆ, ಕುಸುಬೆಗಳು ಹೊಲದಲ್ಲಿದ್ದು, ಎಳ್ಳ ಅಮಾವಾಸ್ಯೆಯ ಚರಗವೂ ಸೀತನಿಯೂ ಈ ಅವಧಿಯಲ್ಲೇ ಬರುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಜೂನಿನಿಂದ ಆಗಸ್ಟ್ ವರೆಗೆ ಬೀಸುವ ನೈರುತ್ಯದ ಗಾಳಿ ಮಮದಾಪುರದತ್ತ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಗಾಳಿ ಏರುವ ಮುನ್ನ ನಸುಕಿನಲ್ಲಿ ಹೊರಡುವುದು ಜಾಣತನ.

ಸೈಕಲ್ ಮತ್ತು ಸಾಮಗ್ರಿ

ಗ್ರಾವೆಲ್ ಸೈಕಲ್ಲಿಗೆ ರೇಸಿಂಗ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್ ಇರುತ್ತದೆ; ಟಯರು ಮಾತ್ರ ಸಾಮಾನ್ಯವಾಗಿ 35ರಿಂದ 50 ಮಿ.ಮೀ. ಅಗಲ. ಫೋರ್ಕ್ ಮತ್ತು ಚೌಕಟ್ಟಿನಲ್ಲಿ ಕೆಸರು ಸಿಕ್ಕಿಕೊಳ್ಳದಷ್ಟು ಜಾಗ, ಡಿಸ್ಕ್ ಬ್ರೇಕ್, ಏರಿಗೆ ಒದಗುವ ಹಗುರ ಗೇರುಗಳು ಇದರ ಇತರ ಲಕ್ಷಣಗಳು. ಇಲ್ಲೊಂದು ಕುತೂಹಲದ ಸಂಗತಿಯಿದೆ. ಹಳ್ಳಿಯ ರೈತರು, ಹಾಲು ಮಾರುವವರು ದಶಕಗಳ ಕಾಲ ಬಳಸಿದ 28 ಇಂಚಿನ ಕಪ್ಪು ಸೈಕಲ್ಲಿನ ಟಯರಿನ ಅಗಲ ಒಂದೂವರೆ ಇಂಚು, ಅಂದರೆ ಸುಮಾರು 40 ಮಿ.ಮೀ. ಇಂದಿನ ದುಬಾರಿ ಗ್ರಾವೆಲ್ ಸೈಕಲ್ಲಿನ ಟಯರಿನ ಅಗಲವೂ ಹೆಚ್ಚುಕಡಿಮೆ ಅದೇ. ಭಾರದಲ್ಲಿ ಮತ್ತು ಗೇರಿನಲ್ಲಿ ವ್ಯತ್ಯಾಸವಿದೆಯೇ ಹೊರತು ಈ ನೆಲಕ್ಕೆ ಯಾವ ಅಗಲ ಬೇಕೆಂಬುದು ಮೊದಲೇ ಗೊತ್ತಿತ್ತು.

ಈ ಸೀಮೆಯ ದೊಡ್ಡ ಕಾಟ ಮುಳ್ಳು. ಬಳ್ಳಾರಿ ಜಾಲಿಯ ಮುಳ್ಳು ದಪ್ಪ ಟಯರನ್ನೂ ತೂರಿ ಹೋಗುತ್ತದೆ. ನೆಲದ ಮೇಲೆ ಹಬ್ಬುವ ನೆಗ್ಗಿಲು ಮುಳ್ಳು ಕಣ್ಣಿಗೆ ಬೀಳುವುದೇ ಇಲ್ಲ. ಟ್ಯೂಬಿಲ್ಲದ ಟಯರಿನಲ್ಲಿ ತೂತು ಮುಚ್ಚುವ ದ್ರವ ಹಾಕಿಸುವುದು ಒಂದು ಉಪಾಯ. ಟ್ಯೂಬ್ ಇರುವವರು ಎರಡು ಹೆಚ್ಚುವರಿ ಟ್ಯೂಬ್, ಪಂಪು ಮತ್ತು ಪಂಕ್ಚರ್ ಸಾಮಾನು ಒಯ್ಯಬೇಕು.

ಸುರಕ್ಷತೆಯ ಪ್ರಶ್ನೆ

ರಾಷ್ಟ್ರೀಯ ಹೆದ್ದಾರಿ 50 ಮತ್ತು 52 ವಿಜಯಪುರವನ್ನು ಹಾದುಹೋಗುತ್ತವೆ. ಸೈಕ್ಲಿಂಗ್ ಕಲಿಯುವ ಮಕ್ಕಳಿಗೆ ನುಣುಪಾದ ಉದ್ದನೆಯ ರಸ್ತೆ ಬೇಕು. ಅದು ಸಿಗುವುದು ಲಾರಿ, ಬಸ್ಸುಗಳು ವೇಗವಾಗಿ ಓಡುವ ಹೆದ್ದಾರಿಗಳಲ್ಲೇ. ಭೂತನಾಳದ ಬಳಿ ವೆಲೊಡ್ರೋಮ್ ನಿರ್ಮಾಣವನ್ನು ಕೈಗೊಂಡರೂ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಆ ಅವಧಿಯಲ್ಲಿ ಕಲಿತ ಒಂದು ಪೀಳಿಗೆಯ ಅಭ್ಯಾಸವೆಲ್ಲ ರಸ್ತೆಯ ಅಂಚಿನಲ್ಲೇ ನಡೆಯಿತು. ಕಾಲುಗಳ ಶಕ್ತಿ ಹಾಗೂ ಸಮತೋಲನವನ್ನು ಬೆಳೆಸುವ ಅಭ್ಯಾಸದ ಒಂದು ಭಾಗವನ್ನಾದರೂ ಕಾಲುವೆ ರಸ್ತೆ, ಮಡ್ಡಿಯ ಗರಸುದಾರಿಗಳಿಗೆ ಬದಲಿಸಲು ಸಾಧ್ಯವಿದೆ. ವೇಗದ ಅಭ್ಯಾಸಕ್ಕೆ ಅವು ಸಾಲವು ಎಂಬುದೂ ನಿಜ.

ಇದೇ ವೇಳೆ ಈ ದಾರಿಗಳೂ ಕಡಿಮೆಯಾಗುತ್ತಿವೆ. ಹಲವು ಗರಸುರಸ್ತೆಗಳು ಡಾಂಬರು ಅಥವಾ ಸಿಮೆಂಟು ಕಾಣುತ್ತಿವೆ. ಹಾಗಾಗಲೇಬೇಕು, ಏಕೆಂದರೆ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವ ಊರಿಗೆ ಒಳ್ಳೆಯ ರಸ್ತೆ ಬೇಕು. ಆದರೆ ನಕಾಶೆಯಲ್ಲಿ ಇದ್ದೂ ಒತ್ತುವರಿಯಿಂದ ಬದುವಿನಷ್ಟು ಕಿರಿದಾದ ಹಳೆಯ ಚಕ್ಕಡಿ ದಾರಿಗಳ ಮಾತು ಬೇರೆ. ಅವು ಹೋದರೆ ರೈತನ ಹೊಲಕ್ಕೂ ದಾರಿಯಿಲ್ಲ, ಸೈಕಲ್ಲಿಗೂ ಇಲ್ಲ. ಹೊಲದ ನಡುವಿನ ಇಂತಹ ದಾರಿಗಳಲ್ಲಿ ಕೆಲವು ಖಾಸಗಿಯವೂ ಆಗಿರುವುದರಿಂದ ಸವಾರರು ಹೊಲದವರನ್ನು ಕೇಳಿ ಮುಂದೆ ಸಾಗಬೇಕು.

ಕುಡಿಯುವ ನೀರು ಊರುಗಳಲ್ಲಿ ಮಾತ್ರ ದೊರೆಯುತ್ತದೆ; ಕಾಡಿನ ಭಾಗದಲ್ಲಿ ಅಂಗಡಿಗಳಿಲ್ಲ. ಬಬಲೇಶ್ವರದಲ್ಲಿ ಬಾಟಲಿ ತುಂಬಿಸಿಕೊಂಡು, ಅಲ್ಲಿಯೇ ಊಟದ ವ್ಯವಸ್ಥೆ ಮಾಡಿಕೊಂಡು ಮುಂದುವರಿಯುವುದು ಒಳ್ಳೆಯದು. ಮಮದಾಪುರದಿಂದ ನಗರಕ್ಕೆ ಮರಳುವಾಗ ಕತ್ತಲಾಗುವ ಸಂಭವವಿದ್ದರೆ ಕೆಂಪು ಹಿಂದೀಪ ಇರಲೇಬೇಕು.