ಪುಣೆಯ ಪ್ಲೇಗು ಮತ್ತು ಒಬ್ಬ ಹಮ್‌ದರ್ದ್

ಉರ್ದುವಿನಲ್ಲಿ ‘ಹಮ್‌ದರ್ದ್’ ಎಂಬ ಪದವಿದೆ. ‘ಹಮ್’ ಅಂದ್ರೆ ಜೊತೆ, ‘ದರ್ದ್’ ಅಂದ್ರೆ ನೋವು. ದೂರ ನಿಂತು ಅಯ್ಯೋ ಅನ್ನುವವರಲ್ಲ, ನೋವಿಗೆ ಜೊತೆಯಾಗುವವರು ಹಮ್‌ದರ್ದ್. 1897ರ ಪುಣೆಯಲ್ಲಿ ಅಂಥವರು ಯಾರಿದ್ದರು ಅಂತ ನೋಡೋಣ.

ಪ್ಲೇಗ್ ಬರುವ ಮೊದಲೇ ಆ ಊರಿನ ಮನಸ್ಸು ಕಹಿಯಾಗಿತ್ತು. ಅಲ್ಲಿ ಹಿಂದೆ ಮೊಹರಂನ ತಾಜಿಯಾಗಳಿಗೆ ಹಿಂದೂಗಳೂ ಕೂಡಿಕೊಳ್ಳುತ್ತಿದ್ದರು, ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಕೂಡಿಕೊಳ್ಳುವ ಹಾಗೆ. 1893ರ ಮುಂಬೈ ಗಲಭೆಯ ಬೆನ್ನಿಗೆ ಆ ನಂಟು ಸಡಿಲವಾಯಿತು.

1897ರ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಕೊರೋನಾ ಕಾಲದಲ್ಲಿ ನಮ್ಮ ಮೇಲೆ ಹೇರಿದ್ದೂ ಅದೇ ಕಾಯ್ದೆ. ಪುಣೆಯ ಪ್ಲೇಗ್ ಸಮಿತಿಗೆ ರ‍್ಯಾಂಡ್ ಎಂಬ ಅಧಿಕಾರಿ ಮುಖ್ಯಸ್ಥನಾದ. ಸೈನಿಕರು ಮನೆಗಳಿಗೆ ನುಗ್ಗಿ ತಪಾಸಣೆ ಮಾಡಿದರು. ಸತ್ತವರಿಗಾಗಿ ಅಳುವುದಕ್ಕೂ ಭಯಪಡುವಂತಾಯಿತು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್‌ನನ್ನು ಗುಂಡಿಕ್ಕಿದರು. ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿ 18 ತಿಂಗಳ ಸಜೆ ಕೊಟ್ಟರು. ಪಠ್ಯಪುಸ್ತಕಗಳಲ್ಲಿ ಪುಣೆಯ ಪ್ಲೇಗ್ ಅಂದ್ರೆ ಸಾಮಾನ್ಯವಾಗಿ ಇಷ್ಟೇ.

ಆದರೆ ಅದೇ ವರ್ಷ, ಅದೇ ಊರಿನ ಹೊರಗೆ ಇನ್ನೊಂದು ಕೆಲಸ ನಡೆದಿತ್ತು. ಹಡಪ್ಸರ್ ಬಳಿ ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಮಗ ಡಾಕ್ಟರ್ ಯಶವಂತ ಪ್ಲೇಗ್ ರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದಿದ್ದರು. ಸಾವಿತ್ರಿಬಾಯಿಗೆ ಆಗ 66 ವರ್ಷ. ದುಃಖ ಅವರಿಗೆ ಹೊಸದಲ್ಲ. 1890ರಲ್ಲಿ ಪತಿ ಜೋತಿರಾವ್ ತೀರಿಕೊಂಡಾಗ ದತ್ತುಮಗನ ಹಕ್ಕಿನ ಬಗ್ಗೆ ಬಂಧುಗಳು ತಕರಾರು ತೆಗೆದರು. ಆಗ ಬೆಂಕಿಯ ಮಡಕೆಯನ್ನು ತಾವೇ ಹಿಡಿದು ಶವದ ಮುಂದೆ ನಡೆದವರು ಅವರು. ಮುಂಢವಾದ ಮಹಾರ್ ಕೇರಿಯಲ್ಲಿ ಪಾಂಡುರಂಗ ಗಾಯಕವಾಡ ಎಂಬ ಬಾಲಕನಿಗೆ ಪ್ಲೇಗ್ ತಗುಲಿದ್ದು ಕೇಳಿ, ಹೋಗಿ ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ಮುಟ್ಟಬಾರದ ಜಾತಿ, ಮುಟ್ಟಬಾರದ ರೋಗ. ಎರಡನ್ನೂ ಅವರು ಲೆಕ್ಕಿಸಲಿಲ್ಲ.

ಈ ಗುಣ ಅವರಿಗೆ ಎಲ್ಲಿಂದ ಬಂತು? ಸ್ವಭಾವದಲ್ಲೇ ಇತ್ತು ಅನ್ನಬಹುದು. ಆದರೆ ನೊಂದಾಗ ಆಸರೆ ಸಿಕ್ಕಿದ ನೆನಪೂ ಅವರಿಗಿತ್ತು. 1849ರಲ್ಲಿ, ಶೂದ್ರರಿಗೂ ಹೆಣ್ಣುಮಕ್ಕಳಿಗೂ ಪಾಠ ಹೇಳಿದ್ದಕ್ಕೆ ಫುಲೆ ದಂಪತಿ ಮನೆ ಬಿಡಬೇಕಾಯಿತು. ಆಗ ಬಾಗಿಲು ತೆರೆದವರು ಗೆಳೆಯ ಉಸ್ಮಾನ್ ಶೇಖ್ ಅಂತ ಹೇಳುತ್ತಾರೆ. ಅದೇ ಮನೆಯ ಫಾತಿಮಾ ಶೇಖ್ ಸಾವಿತ್ರಿಬಾಯಿಯ ಜೊತೆಗಾತಿಯಾದರು. 1856ರಲ್ಲಿ ತವರಿನಲ್ಲಿ ಕಾಯಿಲೆಯಿಂದ ಮಲಗಿದ್ದ ಸಾವಿತ್ರಿಬಾಯಿ ಪತಿಗೆ ಪತ್ರ ಬರೆದರು. ಅದರಲ್ಲಿ, ತಾನಿಲ್ಲದೆ ಫಾತಿಮಾಗೆ ಕಷ್ಟವಾಗುತ್ತಿರಬಹುದು, ಆದರೂ ಆಕೆ ಗೊಣಗುವವಳಲ್ಲ ಅನ್ನುತ್ತಾರೆ. ತನಗೇ ಹುಷಾರಿಲ್ಲದಾಗ ಗೆಳತಿಯ ಆಯಾಸವನ್ನು ನೆನೆಯುವುದು ಹಮ್‌ದರ್ದಿ ಅಲ್ಲದೆ ಇನ್ನೇನು?

2025ರ ಜನವರಿಯಲ್ಲಿ, ಫಾತಿಮಾ ಎಂಬವರು ಇದ್ದೇ ಇರಲಿಲ್ಲ ಅಂತ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಜಗಳವಾಯಿತು. ರಾಜಕೀಯಕ್ಕೆ ಹೆಸರುಗಳು ಬೇಕು, ಸೇರಿಸಲೂ ಅಳಿಸಲೂ. ಆ ಜಗಳ ಕೇಳಿ ಬೇಸರಪಡುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೇ: ಕೂಗಾಡಬೇಡಿ, ಆ ಪತ್ರ ಓದಿ. ಆಮೇಲೆ, ನಿಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ನೋವಿದೆ ಅಂತ ಕೇಳಿ ನೋಡಿ.

ರೋಗಿಗಳ ಸೇವೆ ಮಾಡುತ್ತಲೇ ಪ್ಲೇಗ್ ತಗುಲಿ ಸಾವಿತ್ರಿಬಾಯಿ 1897ರ ಮಾರ್ಚ್ 10ರಂದು ತೀರಿಕೊಂಡರು. ಅವರು ಹೊತ್ತು ತಂದ ಪಾಂಡುರಂಗ ಬದುಕಿಕೊಂಡ.